‘ಎಲೆ ಬೀಳಲಿಲ್ಲ’ ಅನ್ನಲಾಗದ ಆಟ

(ಒಂದು ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಮೇಜಿನ ಮೇಲೆ ಎಲೆ ಹಾಕಿ ತೋರಿಸಿದ್ದನ್ನು ಇಲ್ಲಿ ಬರೆದು ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದೊಳಗೆ ಇಸ್ಪೀಟ್ ಕಟ್ಟು ಹಿಡಿದುಕೊಂಡು ಬರುವಾಗ ನನಗೆ ಸ್ವಲ್ಪ ಸಂಕೋಚವಾಯಿತು. ನಮ್ಮ ಕಡೆ ಇಸ್ಪೀಟು ಅಂದ ಕೂಡಲೇ ನೆನಪಾಗುವುದು ಯುಗಾದಿಯ ಜೂಜು, ಊರಾಚೆಯ ತೋಟ, ರಾತ್ರಿ ಮನೆಗೆ ಬಾರದ ಗಂಡಸರು. ಆ ನೆನಪು ಸುಳ್ಳಲ್ಲ. ಎಲೆ ಹಿಡಿದು ಹೊಲ ಕಳೆದುಕೊಂಡವರ ಕಥೆ ಕೇಳಿಕೊಂಡೇ ನಾನೂ ಬೆಳೆದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ತೋರಿಸುವ ಆಟಕ್ಕೆ ದುಡ್ಡು ಬೇಕಾಗಿಲ್ಲ. ಇಬ್ಬರು ಬೇಕು, ಒಂದು ಕಟ್ಟು ಬೇಕು, ಹತ್ತು ನಿಮಿಷ ಬೇಕು. ಅಷ್ಟೆ.

ನನಗೆ ಇಸ್ಪೀಟು ಕಲಿಸಿದ್ದು ನನ್ನ ಸೋದರಮಾವ. ಬೇಸಿಗೆ ರಜೆಯಲ್ಲಿ ಅವರ ಮನೆಯ ಜಗಲಿಯ ಮೇಲೆ ರಮ್ಮಿ ಆಡುತ್ತಿದ್ದೆವು. ಮಾವ ಗೆದ್ದರೆ ಸುಮ್ಮನಿರುತ್ತಿದ್ದರು. ಸೋತರೆ ಮಾತ್ರ ಒಂದೇ ಮಾತು: “ಎಲೆ ಬೀಳಲಿಲ್ಲ ಕಣೋ.” ನಾನೂ ಅದನ್ನೇ ಕಲಿತೆ. ಸೋತಾಗಲೆಲ್ಲ ಎಲೆ ಬೀಳಲಿಲ್ಲ ಅಂದೆ. ರಮ್ಮಿಯಲ್ಲಿ ಆ ಮಾತಿಗೆ ಅರ್ಥವೂ ಇದೆ. ಕೈಗೆ ಬಂದ 13 ಎಲೆಗಳಲ್ಲಿ ಜೋಕರ್ ಎಷ್ಟು, ಜೊತೆಯಾಗುವ ಎಲೆ ಎಷ್ಟು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಹಾಗಂತ ರಮ್ಮಿ ಬರೀ ಅದೃಷ್ಟವೂ ಅಲ್ಲ. 1967ರಲ್ಲಿ ಆಂಧ್ರದ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅನ್ನುವುದಕ್ಕೆ ಜಾಣ್ಮೆ ಬೇಕು, ಹಾಗಾಗಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ತೀರ್ಪು ಬಂತು. ಮೂರೆಲೆ ಆಟ ಹಾಗಲ್ಲ, ಅದು ಅದೃಷ್ಟದ್ದೇ ಅಂತಲೂ ಅದೇ ತೀರ್ಪಿನಲ್ಲಿದೆ. ಆದರೆ ಕೌಶಲ ಎಷ್ಟು, ಅದೃಷ್ಟ ಎಷ್ಟು ಅಂತ ರಮ್ಮಿಯಲ್ಲಿ ಬಿಡಿಸಿ ತೋರಿಸುವುದು ಕಷ್ಟ. ಎರಡೂ ಹಾಲು ನೀರಿನ ಹಾಗೆ ಬೆರೆತಿವೆ.

ಹಂಚುವುದರಲ್ಲಿ ಅದೃಷ್ಟವೇ ಇರದ ಇಸ್ಪೀಟಾಟ ಇರಬಹುದಾ? ಇಬ್ಬರಿಗೂ ಸರಿಸಮ ಎಲೆ ಕೊಟ್ಟರೆ ಏನಾಗುತ್ತದೆ? ಆ ಆಟವೇ ಇವತ್ತಿನ ವಿಷಯ. ಅದರ ಹೆಸರು ಗೂಫ್‌ಸ್ಪೀಲ್. ನಮ್ಮ ಮನೆಯಲ್ಲಿ ಹರಾಜಾಟ ಅಂತೀವಿ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಆಡುವ ಬಗೆ ನೋಡಿ. ಕಟ್ಟಿನಲ್ಲಿ ನಾಲ್ಕು ಬಣ್ಣ ಇವೆ ಅಲ್ವಾ, ಆಟೀನು, ಕಳಾವರ್, ಡೈಮನ್, ಇಸ್ಪೀಟು. ಕಳಾವರ್ 13 ಎಲೆಗಳೂ ನನ್ನ ಕೈಗೆ. ಇಸ್ಪೀಟ್ 13 ಎಲೆಗಳೂ ನಿಮ್ಮ ಕೈಗೆ. ಡೈಮನ್ ಎಲೆಗಳನ್ನು ಚೆನ್ನಾಗಿ ಕಲಸಿ ಮಧ್ಯೆ ಕವುಚಿ ಇಡಬೇಕು. ಅವು ಬಹುಮಾನ. ಆಟೀನು ಡಬ್ಬಿಯಲ್ಲೇ ಇರಲಿ, ಅದಕ್ಕೆ ಕೆಲಸವಿಲ್ಲ. ಎಕ್ಕಕ್ಕೆ 1, ಗುಲಾಮನಿಗೆ 11, ರಾಣಿಗೆ 12, ರಾಜನಿಗೆ 13. ಉಳಿದ ಎಲೆಗಳ ಬೆಲೆ ಅವುಗಳ ಮೇಲೇ ಇದೆ. ಇಲ್ಲಿ ಎಕ್ಕ ಎಲ್ಲಕ್ಕಿಂತ ಚಿಕ್ಕದು, ಮರೆಯಬೇಡಿ.

ಒಂದು ಬಹುಮಾನದ ಎಲೆ ತಿರುಗಿಸುತ್ತೇವೆ. ಡೈಮನ್ ಏಳು ಬಂತು ಅಂದುಕೊಳ್ಳಿ. ಆ ಏಳು ಅಂಕಕ್ಕೆ ನಾನು ಎಷ್ಟು ಕೊಡಲು ತಯಾರಿದ್ದೇನೆ? ನನ್ನ ಕೈಯಿಂದ ಒಂದು ಎಲೆ ಕವುಚಿ ಇಡುತ್ತೇನೆ. ನೀವೂ ಒಂದು ಇಡುತ್ತೀರಿ. ಇಬ್ಬರೂ ಒಟ್ಟಿಗೆ ತಿರುಗಿಸುತ್ತೇವೆ. ದೊಡ್ಡ ಎಲೆ ಹಾಕಿದವರಿಗೆ ಬಹುಮಾನ. ಹಾಕಿದ ಎರಡೂ ಎಲೆ ಆಟದಿಂದ ಹೊರಗೆ. ಹೀಗೆ 13 ಸುತ್ತು. ಡೈಮನ್ ಎಲೆಗಳ ಒಟ್ಟು ಬೆಲೆ 91. ಹಾಗಾಗಿ 46 ಅಂಕ ಸೇರಿಸಿದವರು ಗೆದ್ದ ಹಾಗೆ. ಇಬ್ಬರೂ ಒಂದೇ ಬೆಲೆಯ ಎಲೆ ಹಾಕಿದರೆ ಬಹುಮಾನ ಯಾರಿಗೂ ಇಲ್ಲ ಅನ್ನುವವರಿದ್ದಾರೆ, ಅರ್ಧರ್ಧ ಹಂಚಿಕೊಳ್ಳುವವರಿದ್ದಾರೆ. ನಮ್ಮ ಮನೆಯಲ್ಲಿ ಅದು ಮೇಜಿನ ಮೇಲೇ ಉಳಿದು ಮುಂದಿನ ಬಹುಮಾನದ ಜೊತೆ ಸೇರುತ್ತದೆ. ನನಗೆ ಅದೇ ಇಷ್ಟ. ಆದರೆ ಇವತ್ತು ಲೆಕ್ಕ ಸುಲಭವಾಗಲಿ ಅಂತ, ಸಮ ಬಂದರೆ ಯಾರಿಗೂ ಇಲ್ಲ ಅಂತ ಇಟ್ಟುಕೊಳ್ಳೋಣ.

ಒಂದು ವಿಷಯ ಗಮನಿಸಿ. ಟೆಂಡರ್ ಹಾಕಿದಾಗ ಸಿಗದವರ ಠೇವಣಿ ವಾಪಸ್ ಬರುತ್ತದೆ. ಇಲ್ಲಿ ಬರುವುದಿಲ್ಲ. ಗೆದ್ದವರ ಎಲೆಯೂ ಹೋಯಿತು, ಸೋತವರ ಎಲೆಯೂ ಹೋಯಿತು. ಇದು ಚುನಾವಣೆಯ ಖರ್ಚಿನ ಹಾಗೆ. ಗೆದ್ದರೂ ಸೋತರೂ ಸುರಿದ ದುಡ್ಡು ಸುರಿದದ್ದೇ. ಆಟದ ಪೂರ್ತಿ ಗುಟ್ಟು ಇದರಲ್ಲಿದೆ.

ಈಗ ನನ್ನ ಮಗಳ ಕಥೆ. ಅವಳಿಗೆ ಹತ್ತು ವರ್ಷ ಇದ್ದಾಗ ಈ ಆಟ ಹೇಳಿಕೊಟ್ಟೆ. ನಾನು ಆಡುತ್ತಿದ್ದ ರೀತಿ ಬಹಳ ಸರಳ. ಬಹುಮಾನ ಏಳು ಬಂದರೆ ಏಳು ಹಾಕುತ್ತಿದ್ದೆ. ರಾಣಿ ಬಂದರೆ ರಾಣಿ. ಎಕ್ಕ ಬಂದರೆ ಎಕ್ಕ. ವಸ್ತುವಿಗೆ ಎಷ್ಟು ಬೆಲೆಯೋ ಅಷ್ಟೇ ಕೊಡುವುದು, ಇದರಲ್ಲಿ ತಪ್ಪೇನಿದೆ ಅನ್ನಿಸಿತ್ತು. ಮೊದಲ ಎರಡು ಆಟ ನಾನೇ ಗೆದ್ದೆ. ಮೂರನೆಯ ಆಟದಲ್ಲಿ ಐದು ಬಹುಮಾನ ಬಂತು. ನಾನು ಐದು ಹಾಕಿದೆ, ಅವಳು ಆರು. ಒಂಬತ್ತು ಬಂತು. ನಾನು ಒಂಬತ್ತು, ಅವಳು ಹತ್ತು. ರಾಣಿಗೆ ನಾನು ರಾಣಿ ಹಾಕಿದರೆ ಅವಳು ರಾಜ. ರಾಜ ಬಹುಮಾನಕ್ಕೆ ಬಂದಾಗ ನಾನು ರಾಜನನ್ನು ಹಾಕಿದೆ, ಅವಳು ಎಕ್ಕ ಹಾಕಿ ಕೈ ಕಟ್ಟಿ ಕೂತಳು.

ಕೊನೆಗೆ ಎಣಿಸಿದಾಗ ಅವಳಿಗೆ 78, ನನಗೆ 13. ಹದಿಮೂರು ಸುತ್ತಿನಲ್ಲಿ ನಾನು ಗೆದ್ದದ್ದು ಆ ರಾಜ ಒಂದನ್ನೇ.

“ಅಪ್ಪಾ, ನೀನು ಯಾವಾಗ್ಲೂ ಬಹುಮಾನದ ಎಲೆಯನ್ನೇ ಹಾಕ್ತೀಯಲ್ಲ,” ಅಂದಳು. “ಅದಕ್ಕೆ ನಾನು ಒಂದು ಜಾಸ್ತಿ ಹಾಕಿದೆ.”

ಎಲೆ ಬೀಳಲಿಲ್ಲ ಅನ್ನೋಣ ಅಂದರೆ ಬಾಯಿ ಬರಲಿಲ್ಲ. ಅವಳ ಕೈಯಲ್ಲಿದ್ದ ಎಲೆಗಳೇ ನನ್ನ ಕೈಯಲ್ಲೂ ಇದ್ದವು. ಬಹುಮಾನ ಬರುವ ಕ್ರಮ ಮಾತ್ರ ಅದೃಷ್ಟ. ಅದೂ ಇಬ್ಬರಿಗೂ ಒಂದೇ. ಸೋಲಿಗೆ ನಾನಲ್ಲದೆ ಇನ್ಯಾವ ಕಾರಣವೂ ಇರಲಿಲ್ಲ. ಅವತ್ತು ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಅಂದಿನಿಂದ ಈ ಆಟ ನನ್ನನ್ನು ಬಿಟ್ಟಿಲ್ಲ.

ನನ್ನ ರೀತಿ ಅಷ್ಟು ದಡ್ಡತನದ್ದಾ? ಅದೂ ಅಲ್ಲ. ಎದುರಿಗೆ ಕೂತವರು ಏನೂ ಯೋಚಿಸದೆ, ಕಣ್ಣು ಮುಚ್ಚಿ ಎಲೆ ಎಳೆದು ಹಾಕುತ್ತಾರೆ ಅಂದುಕೊಳ್ಳಿ. ಆಗ ಬಹುಮಾನಕ್ಕೆ ಸರಿಸಮ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಇದನ್ನು ಶೆಲ್ಡನ್ ರಾಸ್ ಅನ್ನುವ ಅಮೆರಿಕದ ಗಣಿತಜ್ಞರು 1971ರಲ್ಲಿ ಸಾಧಿಸಿ ತೋರಿಸಿದರು. ಸರಾಸರಿ ಎಷ್ಟು ಅಂಕ ಬರುತ್ತದೆ ಅಂತ ನಾವೇ ಲೆಕ್ಕ ಹಾಕಬಹುದು. ಬಹುಮಾನ ಏಳು, ನಾನು ಹಾಕಿದ್ದು ಏಳು. ಎದುರಿನವರ ಎಲೆ 13ರಲ್ಲಿ ಯಾವುದಾದರೂ ಆಗಬಹುದು. ಅದರಲ್ಲಿ ಆರು ನನಗಿಂತ ಚಿಕ್ಕವು. ಅಂದರೆ ಏಳು ಅಂಕ ಸಿಗುವ ಸಾಧ್ಯತೆ 13ರಲ್ಲಿ 6. ಹೀಗೆ ಪ್ರತಿ ಬಹುಮಾನಕ್ಕೂ ಮಾಡಿ ಕೂಡಿಸಿದರೆ ನನಗೆ ಸರಾಸರಿ 56, ಅವರಿಗೆ 28, ಸಮ ಬಂದು ಯಾರಿಗೂ ಸಿಗದ್ದು 7. ಸರಿಯಾಗಿ ಎರಡು ಪಟ್ಟು! ಈ ಲೆಕ್ಕ ಮೊದಲ ಸಲ ಹೊಂದಿ ಬಂದಾಗ ನನಗಾದ ಖುಷಿ ಹೇಳತೀರದು.

ಮೊದಲ ಎರಡು ಆಟ ನಾನು ಗೆದ್ದದ್ದು ಇದರಿಂದಲೇ. ಆಗ ಮಗಳು ಸುಮ್ನೆ ಕೈಗೆ ಸಿಕ್ಕಿದ್ದು ಹಾಕುತ್ತಿದ್ದಳು. ಅವಳು ಯೋಚಿಸಲು ಶುರು ಮಾಡಿದ ಕ್ಷಣಕ್ಕೆ ನನ್ನ ರೀತಿ ಬಿದ್ದುಹೋಯಿತು.

ಹಾಗಾದರೆ ಅವಳ ‘ಒಂದು ಜಾಸ್ತಿ’ ರೀತಿಗೆ ಮದ್ದೇನು? ಎರಡು ಜಾಸ್ತಿ ಹಾಕುವುದು. ಬಹುಮಾನ ಐದಕ್ಕೆ ಅವಳು ಆರು ಹಾಕಿದರೆ ನಾನು ಏಳು. ಗುಲಾಮನವರೆಗೂ ಹೀಗೇ ನಡೆಯುತ್ತದೆ. ಆಮೇಲೆ ನನ್ನ ಕೈಯಲ್ಲಿ ಉಳಿಯುವುದು ಎಕ್ಕ ಮತ್ತು ಎರಡು. ರಾಣಿಗೆ ಅವಳು ರಾಜನನ್ನು ಹಾಕುತ್ತಾಳೆ, ಅಲ್ಲಿ ಎಕ್ಕ ಬಿಸಾಕುತ್ತೇನೆ. ರಾಜನಿಗೆ ಅವಳು ಎಕ್ಕ ಹಾಕುತ್ತಾಳೆ, ಅಲ್ಲಿ ನನ್ನ ಎರಡು ಸಾಕು. ಎಣಿಸಿದರೆ ನನಗೆ 79, ಅವಳಿಗೆ 12. ಅವಳು ಇದನ್ನು ಕಂಡುಹಿಡಿದು ಮೂರು ಜಾಸ್ತಿ ಹಾಕಲು ಶುರು ಮಾಡಿದರೆ ಅವಳಿಗೆ 80, ನನಗೆ 11. ನಾನು ನಾಲ್ಕು ಜಾಸ್ತಿಗೆ ಹೋದರೆ ನನಗೆ 81, ಅವಳಿಗೆ 10.

ಹೀಗೇ ಮೇಲೇರುತ್ತಾ ಹೋಗುವುದಾ? ಇಲ್ಲಿ ನನಗೆ ಇಡೀ ಆಟದ ಅತ್ಯಂತ ಚೆಂದದ ತಿರುವು ಸಿಕ್ಕಿತು. ನಾಲ್ಕು ಜಾಸ್ತಿ ಹಾಕುವವರು ಎಕ್ಕದಿಂದ ಒಂಬತ್ತರವರೆಗಿನ ಬಹುಮಾನಗಳಿಗೆ ದೊಡ್ಡ ಎಲೆಗಳನ್ನೆಲ್ಲ ಸುರಿದುಬಿಡುತ್ತಾರೆ. ಹತ್ತು, ಗುಲಾಮ, ರಾಣಿ, ರಾಜ ಈ ನಾಲ್ಕಕ್ಕೆ ಅವರ ಹತ್ತಿರ ಉಳಿಯುವುದು ಎಕ್ಕ, ಎರಡು, ಮೂರು, ನಾಲ್ಕು. ಈಗ ಅವರ ಎದುರಿಗೆ ನನ್ನ ಹಳೆಯ ಸರಳ ರೀತಿಯವರನ್ನು ಕೂರಿಸಿ. ಏಳಕ್ಕೆ ಏಳು, ರಾಣಿಗೆ ರಾಣಿ ಹಾಕುವವರನ್ನು. ಮೊದಲ ಒಂಬತ್ತು ಬಹುಮಾನ ನಾಲ್ಕು ಜಾಸ್ತಿಯವರಿಗೆ ಹೋಗುತ್ತವೆ. ಒಂದರಿಂದ ಒಂಬತ್ತರವರೆಗೆ ಕೂಡಿದರೆ 45. ಮೇಲಿನ ನಾಲ್ಕು ಸರಳ ರೀತಿಯವರಿಗೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು ಕೂಡಿದರೆ 46.

ಒಂದೇ ಒಂದು ಅಂಕದಲ್ಲಿ ಸರಳ ರೀತಿ ಗೆದ್ದಿತು! ಸರಳವನ್ನು ಒಂದು ಜಾಸ್ತಿ ಸೋಲಿಸಿತು, ಅದನ್ನು ಎರಡು ಜಾಸ್ತಿ, ಅದನ್ನು ಮೂರು, ಅದನ್ನು ನಾಲ್ಕು. ನಾಲ್ಕನ್ನು ಮತ್ತೆ ಸರಳ ಸೋಲಿಸಿತು. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡ ಹಾಗೆ ಸುತ್ತು ಪೂರ್ತಿಯಾಯಿತು. ಯಾವುದು ಎಲ್ಲಕ್ಕಿಂತ ಒಳ್ಳೆಯ ರೀತಿ ಅಂತ ಈಗ ಯಾರಾದರೂ ಕೇಳಿದರೆ ಉತ್ತರವೇ ಇಲ್ಲ.

ಇನ್ನೊಂದು ಮಾತು. ನಿಮ್ಮ ರೀತಿ ಯಾವುದೇ ಇರಲಿ, ಎಷ್ಟೇ ಜಾಣತನದ್ದಾಗಿರಲಿ, ಯಾವ ಬಹುಮಾನಕ್ಕೆ ಯಾವ ಎಲೆ ಅಂತ ಮೊದಲೇ ಗೊತ್ತುಮಾಡಿಕೊಂಡಿದ್ದರೆ, ಅದು ಎದುರಿನವರಿಗೆ ತಿಳಿದರೆ, ನಿಮಗೆ ಸಿಗುವುದು ಒಂದೇ ಬಹುಮಾನ. ಅವರು ಪ್ರತಿ ಸುತ್ತಿನಲ್ಲೂ ನಿಮ್ಮ ಎಲೆಗಿಂತ ಒಂದು ಹೆಚ್ಚು ಹಾಕುತ್ತಾರೆ. ನಿಮ್ಮ ರಾಜನನ್ನು ಮೀರಿಸುವ ಎಲೆ ಇಲ್ಲವಲ್ಲ, ಅಲ್ಲಿ ಎಕ್ಕ ಬಿಸಾಕುತ್ತಾರೆ. ನನಗೆ ಸಿಕ್ಕ ಆ 13 ಅಂಕವೇ ಅಂಥವರಿಗೆ ಸಿಗಬಹುದಾದ ಅತಿ ಹೆಚ್ಚು. ರಾಜನನ್ನು ಬೇರೆ ಬಹುಮಾನಕ್ಕೆ ಹಾಕಿದ್ದರೆ ಇನ್ನೂ ಕಡಿಮೆ.

ಈ ಆಟವನ್ನು ಮಾಡಿದವರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೆರಿಲ್ ಫ್ಲಡ್ ಅಂತ, ಅಮೆರಿಕದವರು. 1908ರಲ್ಲಿ ಹುಟ್ಟಿದರು. 1930ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಈ ಆಟ ಅವರಿಂದ ಹುಟ್ಟಿತು ಅನ್ನುತ್ತಾರೆ. ಶಾಲೆಯ ಬಸ್ಸು ಎಲ್ಲ ಮಕ್ಕಳ ಮನೆ ಮುಟ್ಟಿ ಬರಲು ಯಾವ ದಾರಿ ಹತ್ತಿರ ಅನ್ನುವಂಥ ಪ್ರಶ್ನೆಗಳ ಹಿಂದೆ ಬಿದ್ದವರು ಅವರು. ‘ಊರೂರು ಸುತ್ತುವ ವ್ಯಾಪಾರಿಯ ಸಮಸ್ಯೆ’ ಅಂತ ಇವತ್ತು ಕಂಪ್ಯೂಟರ್ ಓದುವ ಮಕ್ಕಳೆಲ್ಲ ಕಲಿಯುವುದು ಅದನ್ನೇ. ಅದು ಗಣಿತದವರ ಬಾಯಲ್ಲಿ ನಿಲ್ಲುವ ಹಾಗೆ ಮಾಡಿದವರಲ್ಲಿ ಫ್ಲಡ್ ಮುಖ್ಯರು. 1950ರಲ್ಲಿ ರ‍್ಯಾಂಡ್ ಸಂಸ್ಥೆಯಲ್ಲಿ ಮೆಲ್ವಿನ್ ಡ್ರೆಶರ್ ಜೊತೆ ಸೇರಿ ಇನ್ನೊಂದು ಆಟ ಕಟ್ಟಿದರು. ಇಬ್ಬರು ಗೆಳೆಯರನ್ನು ಕೂರಿಸಿ ಅದನ್ನು 100 ಸಲ ಆಡಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನಂಬಿದರೆ ಇಬ್ಬರಿಗೂ ಲಾಭ, ಆದರೆ ಒಬ್ಬೊಬ್ಬರಿಗೂ ಕೈಕೊಡುವ ಆಸೆ. ಆಮೇಲೆ ಆಲ್ಬರ್ಟ್ ಟಕರ್ ಅದಕ್ಕೆ ಇಬ್ಬರು ಕೈದಿಗಳ ಕಥೆ ಜೋಡಿಸಿದರು. ‘ಕೈದಿಗಳ ಇಕ್ಕಟ್ಟು’ ಅಂತ ಅರ್ಥಶಾಸ್ತ್ರ ಓದಿದವರು ಕೇಳಿರುತ್ತೀರಿ. ಗಣಿತದಲ್ಲಿ ಜನ ಹೀಗೆ ಆಡಬೇಕು ಅಂತ ಬರುತ್ತದಲ್ಲ, ನಿಜವಾದ ಮನುಷ್ಯರು ಹಾಗೆ ಆಡುತ್ತಾರಾ ಅಂತ ಕೂರಿಸಿ ನೋಡಿದ್ದು, ಅದು ನನಗೆ ತುಂಬ ಹಿಡಿಸಿದ ಗುಣ.

ಈ ಆಟಕ್ಕೆ ‘ಗೇಮ್ ಆಫ್ ಪ್ಯೂರ್ ಸ್ಟ್ರಾಟೆಜಿ’ ಅಂತ ಇನ್ನೊಂದು ಹೆಸರಿದೆ. ಬರೀ ತಂತ್ರದ ಆಟ, ಅದೃಷ್ಟದ ಬೆರಕೆ ಇಲ್ಲದ್ದು ಅಂತ ಅರ್ಥ. ಆದರೆ ಗಣಿತದವರ ಮಾತಿನಲ್ಲಿ ‘ಪ್ಯೂರ್ ಸ್ಟ್ರಾಟೆಜಿ’ ಅಂದರೆ ಮೊದಲೇ ಗೊತ್ತುಮಾಡಿಕೊಂಡ, ಬದಲಾಗದ ರೀತಿ. ಅಂಥ ರೀತಿಯಿಂದ ಈ ಆಟ ಆಡಲು ಆಗುವುದೇ ಇಲ್ಲ ಅಂತ ಈಗಷ್ಟೇ ನೋಡಿದೆವು.

ಮತ್ತೆ ಹೇಗೆ ಆಡುವುದು? ಬೆರೆಸಿ ಆಡಬೇಕು. ಒಮ್ಮೆ ಹೀಗೆ, ಒಮ್ಮೆ ಹಾಗೆ. ಆದರೆ ಮನಸ್ಸಿಗೆ ಬಂದ ಹಾಗಲ್ಲ, ಲೆಕ್ಕ ಹಾಕಿ ಬೆರೆಸಬೇಕು. ಇಬ್ಬರ ಆಟದಲ್ಲಿ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವಾಗಿದ್ದರೆ ಅಂಥ ಬೆರಕೆ ಒಂದು ಇದ್ದೇ ಇರುತ್ತದೆ ಅಂತ ಜಾನ್ ವಾನ್ ನಾಯ್‌ಮನ್ 1928ರಲ್ಲೇ ಸಾಧಿಸಿದ್ದರು. ಹಾಗೆ ಆಡಿದರೆ ನಿಮ್ಮ ಬೆರಕೆಯ ಪ್ರಮಾಣ ಎದುರಿನವರಿಗೆ ಗೊತ್ತಾದರೂ ನಿಮಗೆ ತೊಂದರೆ ಇಲ್ಲ. ಈ ಸಾಲನ್ನು ನಾನು ಮೊದಲು ಓದಿದಾಗ ನಂಬಲಾಗಲಿಲ್ಲ. ಗುಟ್ಟು ರಟ್ಟಾದರೂ ತೊಂದರೆ ಇಲ್ಲದ ಗುಟ್ಟು ಎಂಥದ್ದು? ಆಟದ ಕೊನೆಯ ಎರಡು ಸುತ್ತು ತೆಗೆದುಕೊಂಡು ನೋಡೋಣ, ಅರ್ಥವಾಗುತ್ತದೆ.

ಈ ಮೇಜಿನ ಮೇಲೆ ನೋಡಿ. ನನ್ನ ಕೈಯಲ್ಲಿ ಉಳಿದಿರುವುದು 3 ಮತ್ತು 9. ನಿಮ್ಮ ಕೈಯಲ್ಲಿ 5 ಮತ್ತು ಗುಲಾಮ. ಮಧ್ಯೆ ತಿರುಗಿರುವ ಬಹುಮಾನ 8. ಕೊನೆಯದಾಗಿ ಕವುಚಿಕೊಂಡಿರುವುದು 4. ಇದು ಇಬ್ಬರಿಗೂ ಗೊತ್ತು, ಉಳಿದದ್ದೆಲ್ಲ ಆಗಲೇ ಬಂದಿದೆಯಲ್ಲ. ನಿಮ್ಮ ಕೈ ನನಗಿಂತ ಬಲ. ನಾನು ಎರಡೂ ಬಹುಮಾನ ಗೆಲ್ಲಲು ಸಾಧ್ಯವೇ ಇಲ್ಲ. ಒಂದಾದರೂ ಗೆಲ್ಲಬಹುದಾ?

ಎಂಟರ ಆಸೆಗೆ 9 ಹಾಕಿದೆ ಅನ್ನಿ. ನೀವು 5 ಹಾಕಿದ್ದರೆ ಎಂಟು ನನ್ನದು. ನೀವು ಗುಲಾಮನನ್ನು ಹಾಕಿದ್ದರೆ ಎಂಟೂ ಹೋಯಿತು, ಮುಂದೆ ನನ್ನ 3 ನಿಮ್ಮ 5ಕ್ಕೆ ಸೋತು ನಾಲ್ಕೂ ಹೋಯಿತು. ಅದರ ಬದಲು ಈಗ 3 ಬಿಸಾಕಿದೆ ಅನ್ನಿ. ನೀವು ಗುಲಾಮನನ್ನು ಹಾಕಿದ್ದರೆ ಎಂಟು ನಿಮ್ಮದು, ಆದರೆ ಮುಂದೆ ನನ್ನ 9 ನಿಮ್ಮ 5ನ್ನು ಸೋಲಿಸಿ ನಾಲ್ಕು ನನ್ನದು. ನೀವು 5 ಹಾಕಿದ್ದರೆ ನನಗೆ ಮತ್ತೆ ಸೊನ್ನೆ.

ನಾನು ಯಾವಾಗಲೂ 9 ಹಾಕುವವನು ಅಂತ ನಿಮಗೆ ಗೊತ್ತಾದರೆ ನನಗೆ ಸೊನ್ನೆ. ಯಾವಾಗಲೂ 3 ಹಾಕುವವನು ಅಂತ ಗೊತ್ತಾದರೂ ಸೊನ್ನೆ. ಈಗ ಹೀಗೆ ಮಾಡುತ್ತೇನೆ. ಮೂರರಲ್ಲಿ ಒಂದು ಸಲ 9, ಎರಡು ಸಲ 3. ಯಾವ ಸಲ ಯಾವುದು ಅಂತ ನನಗೂ ಮೊದಲೇ ಗೊತ್ತಿರಬಾರದು. ನೀವು ಗುಲಾಮನನ್ನೇ ಹಾಕುತ್ತಾ ಹೋದರೆ ಮೂರರಲ್ಲಿ ಎರಡು ಸಲ ನನಗೆ ನಾಲ್ಕು ನಾಲ್ಕು ಸಿಗುತ್ತದೆ. ಮೂರು ಆಟಕ್ಕೆ ಒಟ್ಟು 8. ನೀವು 5ನ್ನೇ ಹಾಕುತ್ತಾ ಹೋದರೆ ಮೂರರಲ್ಲಿ ಒಂದು ಸಲ ಎಂಟು ಸಿಗುತ್ತದೆ. ಮೂರು ಆಟಕ್ಕೆ ಒಟ್ಟು ಮತ್ತೆ 8. ನೀವು ಏನೇ ಮಾಡಿದರೂ ಸರಾಸರಿಯಲ್ಲಿ ನನ್ನ ಪಾಲು ಅಷ್ಟೇ. ಮೂರರಲ್ಲಿ ಒಂದು ಅನ್ನುವ ನನ್ನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಿಟ್ಟರೂ ನೀವು ಅದನ್ನು ಕಡಿಮೆ ಮಾಡಲಾರಿರಿ.

ಇದರಲ್ಲಿ ಒಂದು ಆಶ್ಚರ್ಯ ಇದೆ, ಕಂಡಿತಾ? ಮೇಜಿನ ಮೇಲಿರುವುದು ಎಂಟು, ಬರಲಿರುವುದು ನಾಲ್ಕು. ದೊಡ್ಡ ಬಹುಮಾನಕ್ಕೆ ಹೆಚ್ಚು ಸಲ ಕೈ ಹಾಕಬೇಕು ಅಂತ ತಾನೇ ಅನ್ನಿಸುವುದು? ಲೆಕ್ಕ ಉಲ್ಟಾ ಹೇಳುತ್ತದೆ. ಎಂಟು ದೊಡ್ಡದಾಗಿರುವುದರಿಂದಲೇ ನೀವು ಅದನ್ನು ಗುಲಾಮನನ್ನು ಇಟ್ಟು ಕಾಯುತ್ತೀರಿ. ಆದ್ದರಿಂದ ನಾನು ಹೆಚ್ಚು ಸಲ ಚಿಕ್ಕದಕ್ಕೇ ಕಾಯಬೇಕು. ಆದರೆ ಒಂದು ಎಚ್ಚರ. ಇದು ಅಂಕ ಜಾಸ್ತಿ ಮಾಡಿಕೊಳ್ಳುವ ಲೆಕ್ಕ. ಆಟ ಆಗ 42–37ರಲ್ಲಿ ನಿಂತಿದೆ, 42 ನನ್ನದು ಅಂದುಕೊಳ್ಳಿ. ಆಗ ನಾಲ್ಕು ಸಿಕ್ಕರೂ 46, ನನಗೆ ಗೆಲುವು. ಎಂಟು ಸಿಕ್ಕರೂ ಗೆಲುವೇ. ಎರಡರ ಬೆಲೆಯೂ ಒಂದೇ ಆಯಿತು. ಆಗ ಅರ್ಧ ಸಲ 9, ಅರ್ಧ ಸಲ 3. ಹಾಗಾಗಿ ಕೊನೆಯ ಸುತ್ತುಗಳಲ್ಲಿ ಎಲೆಯ ಮೇಲಿನ ಅಂಕಿಯನ್ನಷ್ಟೇ ನೋಡಬೇಡಿ. 46ಕ್ಕೆ ಇನ್ನೆಷ್ಟು ಬೇಕು ಅಂತ ನೋಡಿ.

ಮೂರರಲ್ಲಿ ಒಂದು ಸಲ ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ. ಮನುಷ್ಯರಿಗೆ ಕ್ರಮವಿಲ್ಲದೆ ಆಡಲು ಬರುವುದಿಲ್ಲ. ಹೋದ ಸಲ 9 ಹಾಕಿದ್ದೆ, ಈ ಸಲ ಬೇಡ ಅಂತ ಮನಸ್ಸು ಹೇಳುತ್ತದೆ. ಎದುರಿನವರು ಅದನ್ನೇ ಹಿಡಿದುಬಿಡುತ್ತಾರೆ. ನಾನು ಕೈಗಡಿಯಾರ ನೋಡುತ್ತೇನೆ. ಸೆಕೆಂಡಿನ ಮುಳ್ಳು ಮೊದಲ ಇಪ್ಪತ್ತು ಸೆಕೆಂಡಿನೊಳಗೆ ಇದ್ದರೆ 9, ಉಳಿದ ನಲವತ್ತರಲ್ಲಿ ಇದ್ದರೆ 3. ಇದನ್ನು ಮಗಳು ಇನ್ನೂ ಒಪ್ಪಿಲ್ಲ. “ಮುಖ ನೋಡಿ ಆಡ್ಬೇಕಪ್ಪಾ, ಗಡಿಯಾರ ನೋಡಿ ಅಲ್ಲ,” ಅನ್ನುತ್ತಾಳೆ. ಅವಳ ಮಾತಿನಲ್ಲೂ ಹುರುಳಿದೆ. ಲೆಕ್ಕದ ಬೆರಕೆ ನಿಮ್ಮನ್ನು ಕಾಯುತ್ತದೆ, ಅಷ್ಟೆ. ಎದುರಿನವರು ತಪ್ಪು ಮಾಡುತ್ತಿದ್ದರೆ ಅದರ ಪೂರ್ತಿ ಲಾಭ ಸಿಗಬೇಕಾದರೆ ಅವರನ್ನು ಓದಲೇಬೇಕು.

ಎರಡು ಸುತ್ತಿಗೇ ಇಷ್ಟು ಯೋಚನೆ. ಹದಿಮೂರು ಸುತ್ತಿಗೆ? ಬಹುಮಾನದ ಎಲೆಗಳು ಬರಬಹುದಾದ ಕ್ರಮಗಳೇ 622 ಕೋಟಿ 70 ಲಕ್ಷ 20 ಸಾವಿರದ 800. ಆಟಗಾರರು ಎಲೆ ಹಾಕುವ ಕ್ರಮಗಳೂ ಒಬ್ಬೊಬ್ಬರಿಗೆ ಅಷ್ಟಷ್ಟೇ. ಮಕ್ಕಳಿಗೆ ಎರಡು ನಿಮಿಷದಲ್ಲಿ ಹೇಳಿಕೊಡಬಹುದಾದ ಈ ಆಟದ ಪೂರ್ತಿ ಬಿಡಿಸಿದ ಲೆಕ್ಕ ಬರಲು 2012ರವರೆಗೆ ಕಾಯಬೇಕಾಯಿತು. ಗ್ಲೆನ್ ರೋಡ್ಸ್ ಮತ್ತು ಲಾರೆಂಟ್ ಬಾರ್ತೋಲ್ಡಿ ಕಂಪ್ಯೂಟರಿನಿಂದ 13 ಎಲೆಯ ಆಟವನ್ನು ಬಿಡಿಸಿದರು. ಈಗ ಡೀಪ್‌ಮೈಂಡ್ ಕಂಪನಿಯವರು ಯಂತ್ರಗಳಿಗೆ ಆಟ ಕಲಿಸಲು ಹೊರತಂದಿರುವ ಓಪನ್‌ಸ್ಪೀಲ್ ಅನ್ನುವ ಸಂಗ್ರಹದಲ್ಲೂ ಈ ಆಟ ಇದೆ.

ನಾವು ಯಂತ್ರಗಳಲ್ಲ. ಮನೆಯಲ್ಲಿ ಕೂತು ಆಡುವವರಿಗೆ ನಾನು ಕಲಿತ ಒಂದು ವಿಷಯ ಹೇಳುತ್ತೇನೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಪ್ರತಿ ಸುತ್ತು ಮುಗಿದಾಗ ಯಾರು ಗೆದ್ದರು ಅಂತ ನೋಡುವ ಜೊತೆಗೆ ಎಷ್ಟರಲ್ಲಿ ಗೆದ್ದರು ಅಂತ ನೋಡಿ. ನಾನು ರಾಜನನ್ನು ಹಾಕಿ ನಿಮ್ಮ ರಾಣಿಯನ್ನು ಸೋಲಿಸಿದರೆ ನನಗೆ ಬಹುಮಾನವೂ ಬಂತು, ನಿಮ್ಮ ದೊಡ್ಡ ಎಲೆಯೂ ಹೋಯಿತು. ನಾನು ರಾಜನನ್ನು ಹಾಕಿದಾಗ ನೀವು ಎಕ್ಕ ಬಿಸಾಕಿದರೆ ಬಹುಮಾನ ನನಗೆ ಬಂದರೂ ನಷ್ಟ ನನ್ನದೇ. ನಿಮ್ಮ ಕೈಯಲ್ಲಿ ಈಗ ಎರಡರಿಂದ ರಾಜನವರೆಗೆ. ನನ್ನ ಕೈಯಲ್ಲಿ ಎಕ್ಕದಿಂದ ರಾಣಿಯವರೆಗೆ. ಉಳಿದ ಹನ್ನೆರಡು ಸುತ್ತಿಗೂ ನೀವು ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತಿರಿ. ಮಗಳು ಎಕ್ಕ ಹಾಕಿ ಕೈ ಕಟ್ಟಿ ಕೂತಿದ್ದಳಲ್ಲ, ಆಗ ಅವಳಿಗೆ ಅದು ಗೊತ್ತಿತ್ತು.

ಆದ್ದರಿಂದ ಬಿಟ್ಟುಕೊಡುವ ಸುತ್ತಿನಲ್ಲಿ ಕೈಯಲ್ಲಿರುವ ಅತಿ ಚಿಕ್ಕದನ್ನೇ ಬಿಡಿ. ಹೊಸಬರು ಇದನ್ನು ಮಾಡುವುದಿಲ್ಲ. ಒಂಬತ್ತರ ಬಹುಮಾನ ಬಂದರೆ ಎಂಟು ಹಾಕುತ್ತಾರೆ, ಸೋಲುತ್ತಾರೆ, ಸ್ವಲ್ಪದರಲ್ಲಿ ತಪ್ಪಿತು ಅನ್ನುತ್ತಾರೆ. ಸ್ವಲ್ಪದರಲ್ಲಿ ಸೋಲುವುದೇ ಇಲ್ಲಿ ದೊಡ್ಡ ಸೋಲು. ಆ ಎಂಟು ಇನ್ನೆಲ್ಲೋ ಏಳನ್ನೋ ಆರನ್ನೋ ತರುತ್ತಿತ್ತು. ಇಬ್ಬರ ಕೈಯಲ್ಲೂ ಇರುವ ಒಟ್ಟು ಬಲ 91. ಆಟ ಮುಗಿಯುವಾಗ ಇಬ್ಬರೂ ಅಷ್ಟನ್ನೂ ಖರ್ಚು ಮಾಡಿರುತ್ತಾರೆ. ಒಂದು ಪೈಸೆಯೂ ಜೇಬಿನಲ್ಲಿ ಉಳಿಯುವುದಿಲ್ಲ. ಯಾರ ಖರ್ಚು ಎಲ್ಲಿ ದಂಡವಾಯಿತು ಅನ್ನುವುದರಲ್ಲೇ ಆಟ ತೀರ್ಮಾನವಾಗುತ್ತದೆ.

ಹೋದ ಎಲೆಗಳ ನೆನಪೂ ಬೇಕು. ಮೊದಮೊದಲು ಹಾಕಿದ ಎಲೆಗಳನ್ನು ತೆರೆದೇ ಇಡಿ. ಒಂದು ತಿಂಗಳು ಆಡಿದ ಮೇಲೆ ಕವುಚಿ ಇಡಿ. ಆಟ ಬೇರೆಯದೇ ಆಗುತ್ತದೆ. ಹಳೆಯ ರಮ್ಮಿ ಆಟಗಾರರು ಇದರಲ್ಲಿ ಬೇಗ ಪಳಗುತ್ತಾರೆ. ನನ್ನ ಸೋದರಮಾವನಿಗೆ ಕೊನೆಕೊನೆಗೆ ಈ ಆಟ ಕಲಿಸಿದೆ. ಎಂಬತ್ತು ದಾಟಿದ್ದರೂ ನನ್ನ ಕೈಯಲ್ಲಿ ಏನೇನು ಉಳಿದಿದೆ ಅಂತ ನನಗಿಂತ ಮೊದಲು ಹೇಳುತ್ತಿದ್ದರು. ಒಂದು ಸಲ ಸೋತು, ಎಂದಿನಂತೆ “ಎಲೆ...” ಅಂತ ಬಾಯಿ ತೆರೆದವರು ಅಲ್ಲೇ ನಿಂತರು. ನನ್ನ ಮುಖ ನೋಡಿದರು. “ಇನ್ನೊಂದು ಹಾಕು,” ಅಂದರು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು ಕೇಳಿದರು: “ನಮ್ಮ ಮಕ್ಕಳಿಗೆ ಹದಿಮೂರು ಎಲೆ ಜಾಸ್ತಿಯಾಗುತ್ತದೆ ಸರ್. ಎಲ್ಲಿಂದ ಶುರು ಮಾಡಲಿ?”

ಐದರಿಂದ ಶುರು ಮಾಡಿ ಮೇಡಂ. ಎಕ್ಕದಿಂದ ಐದರವರೆಗೆ. ಕಟ್ಟೂ ಬೇಕಾಗಿಲ್ಲ, ರಟ್ಟಿನ ಚೂರಿನ ಮೇಲೆ ಅಂಕಿ ಬರೆದರೆ ಸಾಕು. ಒಟ್ಟು 15 ಅಂಕ. ಸರಿಸಮ ಹಾಕುವವರನ್ನು ಒಂದು ಜಾಸ್ತಿಯವರು 10–5ರಲ್ಲಿ ಸೋಲಿಸುತ್ತಾರೆ. ಅವರನ್ನು ಎರಡು ಜಾಸ್ತಿಯವರು 11–4ರಲ್ಲಿ. ಎರಡು ಜಾಸ್ತಿಯವರನ್ನು ಮತ್ತೆ ಸರಿಸಮದವರು 9–6ರಲ್ಲಿ. ಮೂರರಲ್ಲೇ ಸುತ್ತು ಮುಗಿಯಿತು. ಮಕ್ಕಳು ದಿನಾ ಆಡುವ ಕಲ್ಲು, ಕಾಗದ, ಕತ್ತರಿಯೇ ಇದು. ಆದರೆ ಅದನ್ನು ನೀವು ಹೇಳಬೇಡಿ. ಮೂರು ಮಕ್ಕಳಿಗೆ ಒಂದೊಂದು ರೀತಿ ಕಿವಿಯಲ್ಲಿ ಹೇಳಿ, ಒಬ್ಬರೊಡನೊಬ್ಬರು ಆಡಲು ಬಿಡಿ, ಅಂಕಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೂಗೇ ಕೂಗುತ್ತಾರೆ.

ಹಿಂದಿನ ಮೇಜಿನ ಮೇಲೆ ಆರು ಕಟ್ಟು ಇಟ್ಟಿದ್ದೇನೆ. ಆಟೀನು ತೆಗೆದು ಡಬ್ಬಿಗೆ ಹಾಕಿದ್ದೇನೆ, ಡೈಮನ್ ಕಲಸಿಟ್ಟಿದ್ದೇನೆ. ಗುರುತಿಲ್ಲದವರ ಎದುರು ಕೂತರೆ ಇನ್ನೂ ಒಳ್ಳೆಯದು. ಮೊದಲ ಎಲೆ ತಿರುಗಿಸಿ.